ರುಖಿಯಮ್ಮ ಫೋನ್ ಮಾಡಿದರೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇದೆ ಎಂದು ಮಡಂತ್ಯಾರು ಪೇಟೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಸುಳ್ಳಲ್ಲ. ಆದರೆ ಎಸ್‌ಟಿಡಿ ಬೂತ್ ಇಟ್ಟುಕೊಂಡು ವರ್ಷಗಟ್ಟಲೆ ಜನರ ಬೊಬ್ಬೆ ಕೇಳಿದವನಿಗೆ ಸಿಟ್ಟು ಬಾರದೆ ಇನ್ನೇನು ಬರಬೇಕು? ಗಾಜಿನ ಕೋಣೆಯೊಳಗೆ ಹೋಗಿ ರಿಸೀವರ್ ಹಿಡಿದ ಕೂಡಲೇ ನಮ್ಮ ಜನ ಸೌದಿಯ ದಮ್ಮಾಮಿಗೆ ನೇರವಾಗಿ ಕೇಳುವಷ್ಟು ಜೋರಾಗಿ ಕೂಗುತ್ತಿದ್ದರು. ಅಷ್ಟು ಗಂಟಲಿದ್ದವರಿಗೆ ಫೋನ್ ಯಾಕೆ ಬೇಕಿತ್ತೋ, ಗುಡ್ಡ ಹತ್ತಿ ಕೂಗಿದ್ದರೆ ಸಾಕಿತ್ತು.

ಆ ಕೋಣೆಯಲ್ಲಿ ಒಂದು ಸಲವೂ ಸ್ವರ ಏರಿಸದೆ ಮಾತಾಡಿದವರು ಒಬ್ಬರೇ, ರುಖಿಯಮ್ಮ. ಅವರ ಬಗ್ಗೆ ನಾಲ್ಕು ಮಾತು ಬರೆದಿಡಿ ಎಂದು ನನ್ನ ಹೆಂಡತಿ ಪ್ರಭಾವತಿ ಬಹಳ ದಿನಗಳಿಂದ ಬೆನ್ನು ಹತ್ತಿದ್ದಾಳೆ. ನಾವು ಜೈನರು, ಅವರು ಬ್ಯಾರಿ ಮುಸ್ಲಿಮರು. ನಮ್ಮ ಅಂಗಡಿಗೂ ಅವರ ಮನೆಗೂ ನಡುವೆ ಒಂದೇ ಒಂದು ಗದ್ದೆ. ನಾವು ಮಾತಾಡಿಕೊಳ್ಳುತ್ತಿದ್ದದ್ದು ತುಳುವಿನಲ್ಲಿ, ಅವರು ತಮ್ಮ ಮನೆಯವರೊಂದಿಗೆ ಬ್ಯಾರಿಯಲ್ಲಿ. ಇಲ್ಲಿ ಎಲ್ಲವನ್ನೂ ಕನ್ನಡಕ್ಕೆ ತಂದು ಬರೆಯುವಾಗ ಸ್ವಲ್ಪ ಉಪ್ಪು ಕಡಿಮೆಯಾದೀತು, ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ರುಖಿಯಮ್ಮ ಬೀಡಿ ಕಟ್ಟಿ ಬದುಕಿದವರು. ಗಂಡ ಅಬ್ದುಲ್ ರಹಿಮಾನ್ ಮರದ ಲಾರಿ ಓಡಿಸುತ್ತಿದ್ದರು. ಮಗ ಅಶ್ರಫ್ ಇನ್ನೂ ಅಂಬೆಗಾಲು ಇಡುತ್ತಿದ್ದಾಗ ಆ ಲಾರಿ ಚಾರ್ಮಾಡಿ ಘಾಟಿಯ ಒಂದು ತಿರುವಿನಲ್ಲಿ ಕೆಳಗೆ ಹೋಯಿತು. ಇದನ್ನು ಅವರು ನನಗೆ ಹೇಳಿದ್ದು ಒಂದೇ ಸಲ, ಒಂದು ಮಧ್ಯಾಹ್ನ ಲೈನ್ ಸಿಗದೆ ಬೆಂಚಿನಲ್ಲಿ ಕಾಯುತ್ತಿದ್ದಾಗ.

"ಗದ್ದೆಯ ಆಚೆಯಿಂದಲೇ ಅಳ್ತಾ ಬಂದ್ರು ಸಂಪತಣ್ಣ. ಒಂದು ಹಿಂಡು ಜನ. ಎಲ್ಲರೂ ಅಳುವವರೇ, ಹೇಳುವವರು ಯಾರೂ ಇಲ್ಲ. ಸತ್ತದ್ದು ಯಾರು? ನನ್ನ ಬಾಪನಾ, ಅಣ್ಣನಾ, ಇವರಾ? ಅವರ ಅಳು ಮುಗಿಯುವವರೆಗೆ ನಾನು ಕಾಯ್ಬೇಕಾಯ್ತು. ಅಷ್ಟರಲ್ಲಿ ನಾನು ಮನಸ್ಸಿನಲ್ಲಿ ನನ್ನವರನ್ನೆಲ್ಲ ಒಬ್ಬೊಬ್ಬರನ್ನಾಗಿ ಸಾಯಿಸಿ ಆಗಿತ್ತು."

ಬೀಡಿ ಎಲೆ ಈ ವಾರ ಒಣಗಿದೆ ಎಂದು ಹೇಳುವಾಗ ಯಾವ ಸ್ವರವಿತ್ತೋ, ಅದೇ ಸ್ವರದಲ್ಲಿ ಹೇಳಿದರು. ನನಗೆ ಅವರ ಮುಖ ನೋಡಲಾಗಲಿಲ್ಲ. ರಸ್ತೆಯ ಕಡೆ ತಿರುಗಿ ಬೆಳ್ತಂಗಡಿ ಬಸ್ಸಿಗೆ ಸುಮ್ಮನೆ ಬಯ್ದೆ.

ನಾನು ಬೂತ್ ಹಾಕಿದ್ದು ತೊಂಬತ್ತೆರಡರಲ್ಲಿ. ಅದೇ ವರ್ಷ ಮೀನಿನ ಇಬ್ರಾಹಿಂ ಒಂದು ಬೆಳಿಗ್ಗೆ ಸಂತೆಯಲ್ಲೇ ಕುಸಿದು ಬಿದ್ದು ತೀರಿಕೊಂಡರು. ದೊಡ್ಡ ಮಗ ಹನೀಫಾ ಸೌದಿಯಲ್ಲಿದ್ದ. ಸುದ್ದಿ ಮುಟ್ಟಿಸಲು ಅವನ ತಮ್ಮ ಬೂತಿಗೆ ಬಂದ, ಹಿಂದೆ ಹತ್ತಿಪ್ಪತ್ತು ಗಂಡಸರು. ಲೈನ್ ಸಿಕ್ಕಿತು. ಆಚೆಯಿಂದ ಅಣ್ಣನ ಹಲೋ ಕೇಳಿದ್ದೇ ತಡ, ತಮ್ಮ ಹೋ ಎಂದು ಅಳಲಿಕ್ಕೆ ಶುರು ಮಾಡಿದ. ಒಂದು ಶಬ್ದ ಹೊರಡಲಿಲ್ಲ, ಬರೀ ಅಳು. ಆಚೆ ಹನೀಫಾ ಯಾರು, ಎಂತ ಎಂದು ಕಿರುಚುವುದು ಗಾಜಿನ ಹೊರಗೆ ನಿಂತ ನಮಗೂ ಕೇಳುತ್ತಿತ್ತು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಅಷ್ಟು ಜನ ಮೀಸೆ ಹೊತ್ತವರು ಒಬ್ಬರ ಮುಖ ಒಬ್ಬರು ನೋಡಿದರು. ನಾನೂ ನೋಡಿದೆ.

ರುಖಿಯಮ್ಮ ಕಟ್ಟಿದ ಬೀಡಿ ಕೊಟ್ಟು ಅದೇ ದಾರಿಯಲ್ಲಿ ಬರುತ್ತಿದ್ದರು. ಬುಟ್ಟಿಯನ್ನು ನನ್ನ ಮೇಜಿನ ಮೇಲೆ ಇಟ್ಟು, ಗಾಜಿನ ಬಾಗಿಲು ತೆರೆದು, ಆ ಹುಡುಗನ ಕೈಯಿಂದ ರಿಸೀವರ್ ತೆಗೆದುಕೊಂಡರು.

"ಹನೀಫಾ, ನಾನು ರುಖಿಯಮ್ಮ. ಊಟ ಆಯ್ತಾ?" ಎಂದರು. ಆಮೇಲೆ ನಿಧಾನವಾಗಿ, ಸ್ವಂತ ಮಗನನ್ನು ಕರೆಯುವಂತೆ ಮೋನೆ ಎನ್ನುತ್ತಾ, "ಬಾಪನಿಗೆ ಹುಷಾರಿಲ್ಲ. ಸ್ವಲ್ಪ ಸೀರಿಯಸ್ ಉಂಟು. ತಮ್ಮ ಹೆದರಿದ್ದಾನೆ, ಅದಕ್ಕೆ ಅಳ್ತಾನೆ. ನೀನು ರಜೆ ಕೇಳಿ ಹೊರಡು ಮೋನೆ. ಗಡಿಬಿಡಿ ಮಾಡ್ಬೇಡ. ಪಾಸ್‌ಪೋರ್ಟ್ ಕೈಯಲ್ಲೇ ಇಟ್ಕೊ."

ಹನೀಫಾ ಬರುವಷ್ಟರಲ್ಲಿ ತಂದೆಯನ್ನು ಮಣ್ಣು ಮಾಡಿ ಆಗಿತ್ತು. ಅವನು ಮನೆಯಿಂದ ಸೀದಾ ನನ್ನ ಅಂಗಡಿಗೆ ಬಂದ. ರುಖಿಯಮ್ಮನೂ ಅಲ್ಲಿದ್ದರು.

"ಬದುಕಿದ್ದಾರೆ ಅಂತ ಹೇಳಿದ್ರಲ್ಲ ನೀವು," ಎಂದ. "ವಿಮಾನದಲ್ಲಿ ಇಡೀ ದಾರಿ ಬಾಪ ಗುಣ ಆಗಲಿ ಅಂತ ದುವಾ ಮಾಡಿದೆ. ಮಣ್ಣಿನಡಿ ಇದ್ದವರಿಗೆ ದುವಾ ಮಾಡಿದೆ ರುಖಿಯಮ್ಮ!"

ಅವನು ಕೈ ಎತ್ತಿಯಾನು ಎಂದು ನನಗೆ ಹೆದರಿಕೆಯಾಯಿತು. ಅವರು ಕದಲಲಿಲ್ಲ.

"ಅಲ್ಲಿಯೇ ಹೇಳಿದ್ರೆ ನಿನ್ನನ್ನು ಯಾರು ಹಿಡ್ಕೊಳ್ತಿದ್ರು ಹನೀಫಾ? ಅಷ್ಟು ದೂರದಲ್ಲಿ, ಪರರ ಕೋಣೆಯಲ್ಲಿ? ಅಳುವುದಾದ್ರೆ ಹಿಡ್ಕೊಳ್ಳುವವರ ಹತ್ತಿರ ಬಂದು ಅಳ್ಬೇಕು."

ಹನೀಫಾ ಬೆಂಚಿನಲ್ಲಿ ಕುಳಿತು ಅತ್ತ. ತಮ್ಮ ಬಂದು ಅವನನ್ನು ಹಿಡಿದುಕೊಂಡ. ನಾನು ಆ ಕರೆಯ ಬಿಲ್ಲನ್ನು ಹರಿದು ಕಸದ ಬುಟ್ಟಿಗೆ ಹಾಕಿದೆ.

ಅಂದಿನಿಂದ ಅದೊಂದು ರೂಢಿಯೇ ಆಗಿಹೋಯಿತು. ಯಾರ ಮನೆಯಲ್ಲಿ ಸಾವಾದರೂ, ಮಗ ಗಲ್ಫಿನಲ್ಲಿದ್ದರೆ, ಮೊದಲು ರುಖಿಯಮ್ಮನನ್ನು ಕರೆಯಲು ಜನ ಹೋಗುತ್ತಿತ್ತು. ಬಂಟ್ವಾಳದ ಕಡೆಯಿಂದಲೂ ರಿಕ್ಷಾ ಮಾಡಿಕೊಂಡು ಬಂದು ಅವರನ್ನು ಕರೆದೊಯ್ದವರಿದ್ದಾರೆ. ಬ್ಯಾರಿಗಳ ಮನೆ ಎಂದಿಲ್ಲ. ಲಾಯಿಲದ ನಮ್ಮ ಜೈನರ ಹುಡುಗನೊಬ್ಬ ಮಸ್ಕತ್ತಿನಲ್ಲಿದ್ದ, ಅವನ ತಾಯಿ ತೀರಿಕೊಂಡಾಗಲೂ ಮಾತಾಡಿದ್ದು ಅವರೇ. ಎಲ್ಲರಿಗೂ ಅದೇ ಮಾತು, ಅದೇ ಸ್ವರ. ಊಟ ಆಯ್ತಾ. ಸ್ವಲ್ಪ ಸೀರಿಯಸ್ ಉಂಟು. ಗಡಿಬಿಡಿ ಮಾಡ್ಬೇಡ.

ಗಲ್ಫಿನ ಕೋಣೆಗಳಲ್ಲಿ ಒಂದು ಮಾತು ಹುಟ್ಟಿತಂತೆ: ರುಖಿಯಮ್ಮ ಫೋನ್ ಮಾಡಿದರೆ ಪೆಟ್ಟಿಗೆ ಕಟ್ಟು. ಅಂದರೆ ಆ ಸಮಾಧಾನದ ಸ್ವರ ಕೇಳಿದ ಕೂಡಲೇ ಅವರಿಗೆ ಎಲ್ಲ ತಿಳಿದುಬಿಡುತ್ತಿತ್ತು. ಆದರೂ ಒಬ್ಬನೂ ತಿರುಗಿ ಪ್ರಶ್ನೆ ಕೇಳುತ್ತಿರಲಿಲ್ಲ. ಸರಿ ರುಖಿಯಮ್ಮ, ಹೊರಡ್ತೇನೆ ಎನ್ನುತ್ತಿದ್ದರು. ಸುಳ್ಳು ಎಂದು ಎರಡೂ ಕಡೆ ಗೊತ್ತು. ಆ ಸುಳ್ಳನ್ನೇ ಹಿಡಿದುಕೊಂಡು ಅವನು ಊರು ಮುಟ್ಟಬೇಕು. ಹನೀಫಾ ಕೂಡ ತಾಯಿ ತೀರಿಕೊಂಡಾಗ ಆ ಸುಳ್ಳನ್ನು ಮರುಮಾತಿಲ್ಲದೆ ತೆಗೆದುಕೊಂಡ.

ಆ ಸ್ವರದ ಫಲ ಅವರ ಸ್ವಂತ ಮನೆಗೆ ತಟ್ಟಿದ್ದು ತೊಂಬತ್ತೆಂಟರಲ್ಲಿ. ಅಶ್ರಫ್ ಆಗ ದಮ್ಮಾಮಿನ ಒಂದು ಕಂಪೆನಿಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದ. ಹೆಂಡತಿ ಮೈಮೂನಾ, ಮಗಳು ಶಮ್ನಾ ಇಲ್ಲಿ ರುಖಿಯಮ್ಮನ ಜೊತೆ. ಪ್ರತಿ ಶುಕ್ರವಾರ ನಮಾಜಿನ ನಂತರ ಅವನೇ ನನ್ನ ಬೂತಿಗೆ ಫೋನ್ ಮಾಡುತ್ತಿದ್ದ, ಇವರಾಗಿ ಮಾಡಿದ್ದೇ ಇಲ್ಲ. ಒಂದು ದಿನ ರುಖಿಯಮ್ಮ ಒಬ್ಬರೇ ಬೂತಿಗೆ ಬಂದರು.

"ಅಶ್ರಫನಿಗೆ ಒಂದು ಫೋನ್ ಮಾಡಿ ಕೊಡಿ."

ನಾನು ಕುರ್ಚಿಯಿಂದ ಎದ್ದುಬಿಟ್ಟೆ. "ಎಂತ ಆಯ್ತು? ಯಾರು?"

"ಯಾರೂ ಇಲ್ಲ. ಅವನ ಸ್ವರ ಕೇಳುವ ಅಂತ ಆಯ್ತು, ಅಷ್ಟೇ."

ಒಳಗೆ ಹೋಗಿ ಮಾತಾಡಿದರು. ಗಾಜಿನ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ, ನನಗೆ ಎಲ್ಲ ಕೇಳಿತು. "ಅಶ್ರಫ್, ನಾನು. ಊಟ ಆಯ್ತಾ? ಇಲ್ಲಿ ಎಂತದೂ ಇಲ್ಲ. ಎಲ್ಲರೂ ಚೆನ್ನಾಗಿದ್ದಾರೆ. ಸುಮ್ಮನೆ ಮಾಡಿದ್ದು." ಹೊರಗೆ ಬಂದು ನನ್ನತ್ತ ನೋಡಿ ಸ್ವಲ್ಪ ನಾಚಿಕೊಂಡರು. ಮಗನ ಮೇಲೆ ಆಸೆಯಾಗಿ ಫೋನ್ ಮಾಡಿದ್ದಕ್ಕೆ ನಾಚುವ ತಾಯಿಯನ್ನು ನಾನು ಅಂದೇ ಕಂಡದ್ದು.

ಆ ವಾರ ಮುಗಿಯುವ ಮೊದಲೇ ಅಶ್ರಫ್ ಟ್ಯಾಕ್ಸಿಯಿಂದ ಇಳಿದು ಗದ್ದೆಯ ಬದುವಿನಲ್ಲಿ ಓಡುವುದನ್ನು ಅಂಗಡಿಯಿಂದಲೇ ನೋಡಿದೆ. ಏನೋ ಆಗಿದೆ ಎಂದು ನಾನೂ ಹಿಂದೆ ಓಡಿದೆ. ಅಂಗಳದಲ್ಲಿ ಮೈಮೂನಾ ಬಟ್ಟೆ ಒಣಗಿಸುತ್ತಿದ್ದಳು. ಶಮ್ನಾ ಜಗಲಿಯಲ್ಲಿ ಶಾಲೆಯ ಲೆಕ್ಕ ಮಾಡುತ್ತಿದ್ದಳು. ರುಖಿಯಮ್ಮ ಬೀಡಿಯ ಮೊರ ತೊಡೆಯ ಮೇಲಿಟ್ಟು ಕೂತಿದ್ದರು. ಅಶ್ರಫ್ ಒಬ್ಬೊಬ್ಬರನ್ನೇ ನೋಡಿದ.

"ಯಾರು ಉಮ್ಮ?" ಎಂದು ಕೇಳಿದ.

"ಯಾರು ಅಂದ್ರೆ?" ಎಂದರು ಅವರು.

ಅವನು ಮೆಟ್ಟಿಲಿನ ಮೇಲೆ ಕೂತುಬಿಟ್ಟ. ಮನೆಯಲ್ಲಿ ಮರಣವಾಗಿದೆ ಎಂದು ಕಂಪೆನಿಗೆ ಹೇಳಿ ಬಂದಿದ್ದನಂತೆ. ಆಮೇಲೆ ಕಂಪೆನಿಯವರು ಸತ್ತವರ ಕಾಗದ ತಾ ಎಂದರು. ಸತ್ತವರು ಬೇಕಲ್ಲ, ಕಾಗದ ತರಲು? ಸುಳ್ಳು ಹೇಳಿ ರಜೆ ತೆಗೆದುಕೊಂಡವನೆಂದು ಕೆಲಸ ಹೋಯಿತು. ವರ್ಷಕ್ಕೂ ಮೇಲೆ ಅವನು ಊರಲ್ಲಿ ಅವರಿವರ ಅಂಗಡಿಯಲ್ಲಿ ದಿನ ಕಳೆದು, ಮತ್ತೊಂದು ವೀಸಾ ಸಿಕ್ಕಿ ಮೊದಲಿನದಕ್ಕಿಂತ ಕೆಳಗಿನ ಕೆಲಸಕ್ಕೆ ಹೋದ. ಜನರಿಗೆ ನಗು. ನಾನೂ ಮೊದಲು ನಕ್ಕವನೇ. ಆದರೆ ರುಖಿಯಮ್ಮ ಒಂದು ದಿನ ಹೇಳಿದ ಮಾತು ಕೇಳಿದ ಮೇಲೆ ನಗಲಿಲ್ಲ.

"ನನ್ನ ಸ್ವರಕ್ಕೆ ಹೆಣದ ವಾಸನೆ ಹತ್ತಿದೆ ಸಂಪತಣ್ಣ."

ಆಮೇಲೆ ಅವರು ಮಗನಿಗೆ ತಾವಾಗಿ ಫೋನ್ ಮಾಡಲಿಲ್ಲ. ಶುಕ್ರವಾರ ಅವನು ಮಾಡಿದಾಗಲೂ ಎರಡು ಮಾತಾಡಿ ಸೊಸೆಯ ಕೈಗೆ ಕೊಡುತ್ತಿದ್ದರು. ಬೇರೆಯವರ ಮನೆಯ ಸಾವಿಗೆ ಮಾತ್ರ ಕರೆದಲ್ಲಿಗೆ ಹೋಗುತ್ತಿದ್ದರು.

ಕಾಲ ಓಡಿತು. ಎಲ್ಲರ ಜೇಬಿಗೂ ಮೊಬೈಲ್ ಬಂತು. ನನ್ನ ಬೂತಿಗೆ ನೊಣ ಹೊಡೆಯುವ ಕೆಲಸ. ನಾನು ಝೆರಾಕ್ಸ್ ಯಂತ್ರವನ್ನೂ ಒಂದು ಕಂಪ್ಯೂಟರನ್ನೂ ತಂದಿಟ್ಟೆ. ಗಾಜಿನ ಕೋಣೆಯನ್ನು ತೆಗೆಯಲು ಮನಸ್ಸು ಬಾರದೆ, ಫೋನನ್ನು ಹಾಗೆಯೇ ಬಿಟ್ಟು, ಉಳಿದ ಜಾಗದಲ್ಲಿ ಕಾಗದದ ಕಟ್ಟು ಪೇರಿಸಿದ್ದೆ. ಶಮ್ನಾ ಅಷ್ಟರಲ್ಲಿ ಮೂಡುಬಿದಿರೆ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಕೊನೆಯ ವರ್ಷಕ್ಕೆ ಬಂದಿದ್ದಳು. ಎರಡು ಸಾವಿರದ ಏಳರ ಮಾತು. ಮನೆಯಲ್ಲಿ ಕಂಪ್ಯೂಟರ್ ಇಲ್ಲದ ಕಾರಣ ತನ್ನ ಪ್ರಾಜೆಕ್ಟನ್ನು ನನ್ನ ಅಂಗಡಿಗೆ ಹೊತ್ತು ತಂದಳು.

ಅದೊಂದು ರೋಬೋ. ಬಿಸ್ಕತ್ತಿನ ಡಬ್ಬಿಯಷ್ಟು ದೊಡ್ಡ ತಗಡಿನ ತಲೆ, ಕೆಳಗೆ ಎರಡು ಚಕ್ರ, ಎದೆಯ ಮೇಲೆ ನಾಲ್ಕು ದೀಪ. ಮನುಷ್ಯ ಅದರ ಮುಂದೆ ಮಾತಾಡಿದರೆ ಅವನ ಮನಸ್ಸಿನಲ್ಲಿ ಏನಿದೆ ಎಂದು ಸ್ವರದಿಂದಲೇ ಕಂಡುಹಿಡಿದು ದೀಪ ಹಚ್ಚಬೇಕು. ಸಿಟ್ಟಿಗೆ ಕೆಂಪು, ಸಂತೋಷಕ್ಕೆ ಹಳದಿ, ದುಃಖಕ್ಕೆ ನೀಲಿ, ಶಾಂತವಾಗಿದ್ದರೆ ಬಿಳಿ. ದೀಪಕ್ಕೆ ತಕ್ಕಂತೆ ಒಂದು ಮಾತನ್ನೂ ಆಡುತ್ತದೆ. ಮುಂದೆ ಇಂಥವು ಆಸ್ಪತ್ರೆಯಲ್ಲಿ, ಮನೆಯಲ್ಲಿ ಜನರ ಜೊತೆ ಮಾತಾಡಿಕೊಂಡಿರುತ್ತವೆ ಎಂದಳು ಶಮ್ನಾ.

"ಇದಕ್ಕೆ ತುಳು ಬರ್ತದಾ?" ಎಂದು ಕೇಳಿದೆ.

"ಭಾಷೆ ಬೇಡ ಮಾಮ. ಸ್ವರ ಏರುವುದು, ಇಳಿಯುವುದು, ಜೋರು, ವೇಗ, ಅಷ್ಟೇ ನೋಡ್ತದೆ. ಬಸ್ಸು ಬಂತು ಅನ್ನುವ ಒಂದೇ ಮಾತನ್ನು ನಮ್ಮ ಕ್ಲಾಸಿನವರು ಸಿಟ್ಟಲ್ಲಿ, ಖುಷಿಯಲ್ಲಿ, ಬೇಸರದಲ್ಲಿ ಹೇಳಿ ರೆಕಾರ್ಡ್ ಮಾಡಿದ್ದೇವೆ. ಅದನ್ನು ಕೇಳಿ ಕೇಳಿ ಇದು ಕಲಿತದ್ದು."

ನಾನು ಅದರ ಮುಂದೆ ಬಗ್ಗಿ, "ಎಂತ ಮಾರಾಯ, ಊಟ ಆಯ್ತಾ?" ಎಂದೆ. ಫಕ್ಕನೆ ಕೆಂಪು ದೀಪ ಹತ್ತಿತು. "ದಯವಿಟ್ಟು ಸಮಾಧಾನ ಮಾಡಿಕೊಳ್ಳಿ," ಎಂದಿತು. ಪ್ರಭಾವತಿ ನಕ್ಕು ನಕ್ಕು ಬೆಂಚು ಹಿಡಿದುಕೊಂಡಳು. ಮದುವೆಯಾದಲ್ಲಿಂದ ತಾನು ಹೇಳುತ್ತಿರುವುದನ್ನು ಒಂದು ತಗಡಿನ ಡಬ್ಬಿಯಾದರೂ ಒಪ್ಪಿತಲ್ಲ ಎಂದು ಅವಳಿಗೆ ಖುಷಿ. ನಾನು ಆ ಡಬ್ಬಿಗೆ ನಾಲ್ಕು ಮಾತು ಬಯ್ದೆ. ಅದು ಮತ್ತೂ ಕೆಂಪಾಯಿತು.

ಮೊಮ್ಮಗಳ ಯಂತ್ರ ನೋಡಲು ರುಖಿಯಮ್ಮನೂ ಬಂದರು. ಅವರು ಏನು ಮಾತಾಡಿದರೂ ಬಿಳಿ. ಬೇಸರದ್ದು ಏನಾದರೂ ಹೇಳಿ ಅಜ್ಜಿ, ನೀಲಿ ಹತ್ತುತ್ತದೋ ನೋಡುವ ಎಂದಳು ಶಮ್ನಾ. ರುಖಿಯಮ್ಮ ಸ್ವಲ್ಪ ಯೋಚಿಸಿ, ಅಬ್ದುಲ್ ರಹಿಮಾನರ ಲಾರಿಯ ಸುದ್ದಿ ಬಂದ ದಿನದ ಕಥೆಯನ್ನೇ ಹೇಳಿದರು. ಗದ್ದೆಯ ಆಚೆಯಿಂದ ಬಂದ ಜನ, ಮುಗಿಯದ ಅಳು, ಮನಸ್ಸಿನಲ್ಲಿ ಒಬ್ಬೊಬ್ಬರನ್ನಾಗಿ ಸಾಯಿಸಿದ್ದು, ಎಲ್ಲ. ಶಮ್ನಾ ಅದನ್ನು ಕೇಳಿದ್ದು ಅದೇ ಮೊದಲು. ಕಥೆ ಮುಗಿಯುವವರೆಗೂ ಬಿಳಿ ದೀಪ ಅಲುಗದೆ ಉರಿಯಿತು. ಬಿಳಿಗೆ ಉತ್ತರದ ಮಾತು ಇಟ್ಟಿರಲಿಲ್ಲವಂತೆ, ಯಂತ್ರ ಸುಮ್ಮನಿತ್ತು. ಅವಳು ಮೆಲ್ಲ ಸ್ವಿಚ್ಚು ತೆಗೆದಳು.

ಅಜ್ಜಿ ಹೋದ ಮೇಲೆ ಅವಳು ನನ್ನಲ್ಲಿ ಹೇಳಿದಳು: "ಬಿಳಿ ಅಂದ್ರೆ ಶಾಂತ ಅಂತ ನಾವು ಹೆಸರು ಕೊಟ್ಟದ್ದು ಮಾಮ. ನಿಜವಾಗಿ ಅದಕ್ಕೆ ಎಂತದೂ ಸಿಗ್ಲಿಲ್ಲ ಅಂತ ಅರ್ಥ."

ಇದಾಗಿ ತಿಂಗಳೊಳಗೆ ರುಖಿಯಮ್ಮನ ಎದೆಯಲ್ಲಿ ಗಂಟು ಇರುವುದು ಗೊತ್ತಾಯಿತು. ಗೊತ್ತಾಯಿತು ಎನ್ನುವುದಕ್ಕಿಂತ, ಅವರು ಮುಚ್ಚಿಟ್ಟದ್ದು ಮೈಮೂನಾಳ ಕಣ್ಣಿಗೆ ಬಿತ್ತು. ಮಂಗಳೂರಿನ ಡಾಕ್ಟರು ತಡಮಾಡದೆ ಆಪರೇಷನ್ ಆಗಬೇಕು ಎಂದರು, ಗಟ್ಟಿಯಾಗಿ ಯಾವ ಮಾತನ್ನೂ ಕೊಡಲಿಲ್ಲ. ಮೈಮೂನಾ ಗಂಡನಿಗೆ ತಿಳಿಸಲು ಹೊರಟಳು. ರುಖಿಯಮ್ಮ ತಡೆದರು. ನಮ್ಮನ್ನೆಲ್ಲ ಕರೆದು ಮಾತು ತೆಗೆದುಕೊಂಡರು.

"ಹೋದ ಸಲ ಯಾರೂ ಸಾಯದೆ ಅವನ ಕೆಲಸ ಹೋಯ್ತು. ಈ ಸಲ ನಾನು ಬದುಕಿ ಬಂದ್ರೆ ನಾನೇ ಹೇಳ್ತೇನೆ. ಬಾರದಿದ್ರೆ ಹೇಗೂ ಗೊತ್ತಾಗ್ತದೆ."

ನನಗೆ ಸಿಟ್ಟು ಬಂತು. ಊರಿನವರ ಮಕ್ಕಳನ್ನೆಲ್ಲ ಕರೆಸಿದವರು ತಮ್ಮ ಮಗನನ್ನು ದೂರವಿಡುವುದು ಯಾವ ನ್ಯಾಯ ಎಂದು ಕೇಳಿಯೇಬಿಟ್ಟೆ. ತೊಂದರೆ ಇನ್ನೊಂದಿತ್ತು. ಶುಕ್ರವಾರ ಅಶ್ರಫ್ ಮನೆಗೆ ಫೋನ್ ಮಾಡುವ ಹೊತ್ತಿಗೆ ಮನೆಯವರೆಲ್ಲ ಆಸ್ಪತ್ರೆಯಲ್ಲಿರುತ್ತಾರೆ. ಅದಕ್ಕೆ ರುಖಿಯಮ್ಮ ಒಂದು ಕಥೆ ಕಟ್ಟಿದರು. ಉಳ್ಳಾಲದಲ್ಲಿ ನೆಂಟರ ಮದುವೆ, ಮನೆಗೆ ಬೀಗ ಹಾಕಿ ಎಲ್ಲರೂ ಒಂದು ವಾರ ಅಲ್ಲಿ. ಕಥೆ ಚೆನ್ನಾಗಿತ್ತು. ಆದರೆ ಹೇಳುವವರು ಯಾರು? ಮೈಮೂನಾ ಹಲೋ ಎನ್ನುವ ಮೊದಲೇ ಅಳುತ್ತಾಳೆ. ಶಮ್ನಾಳಿಗೆ ಅಪ್ಪನ ಹತ್ತಿರ ಸುಳ್ಳು ಬರುವುದಿಲ್ಲ. ಯಾರು ಹೇಳಿದರೂ ಉಮ್ಮನಿಗೆ ಕೊಡು ಎಂದು ಅವನು ಕೇಳುವುದಂತೂ ಖಂಡಿತ. ಇನ್ನು ರುಖಿಯಮ್ಮನ ಸ್ವರದಲ್ಲಿ ಮದುವೆಯ ಸುದ್ದಿ ಹೇಳಿದರೆ ಅವನು ಮರುದಿನವೇ ಪೆಟ್ಟಿಗೆ ಕಟ್ಟುತ್ತಾನೆ.

ರುಖಿಯಮ್ಮ ನನ್ನ ಅಂಗಡಿಗೆ ಬಂದು, ರೋಬೋವಿನ ಎದುರು ಸ್ಟೂಲ್ ಎಳೆದು ಕೂತರು.

"ಮೋಳೆ, ಈ ಹಳದಿ ದೀಪ ಹತ್ತಿಸ್ಲಿಕ್ಕೆ ಎಂತ ಮಾಡ್ಬೇಕು?" ಎಂದು ಮೊಮ್ಮಗಳನ್ನು ಕೇಳಿದರು.

ಶಮ್ನಾ ಕಲಿಸಿದಳು. ಮಾತಿನ ಕೊನೆಗೆ ಸ್ವರ ಮೇಲೆ ಹೋಗಲಿ ಅಜ್ಜಿ. ಸ್ವಲ್ಪ ಬೇಗ ಬೇಗ ಹೇಳಿ. ಮಧ್ಯೆ ನಗಿ. ಅವರು ಹೇಳಿದರು: "ನಾವು ಮದುವೆಗೆ ಹೋಗ್ತೇವೆ." ಬಿಳಿ. ಮತ್ತೊಮ್ಮೆ ಹೇಳಿದರು. ಬಿಳಿ. ಹೀಗೆ ಎರಡು ದಿನ ನಡೆಯಿತು. ಎದೆಯಲ್ಲಿ ಗಂಟು ಇಟ್ಟುಕೊಂಡು ಒಂದು ತಗಡಿನ ಡಬ್ಬಿಯ ಮುಂದೆ ಸಂತೋಷ ಕಲಿಯುತ್ತಿದ್ದ ಆ ಹೆಂಗಸನ್ನು ನೋಡಿ ನನಗೆ ಸಂಕಟವಾಗುತ್ತಿತ್ತು. ಸಂಕಟವಾದರೆ ನಾನು ಬೊಬ್ಬೆ ಹಾಕುತ್ತೇನೆ. "ಸಾಕು ಮಾಡಿ ರುಖಿಯಮ್ಮ!" ಎಂದು ಮೇಜಿನ ಆಚೆಯಿಂದ ಕೂಗಿದೆ. ಕೆಂಪು ದೀಪ ಹತ್ತಿ, ಯಂತ್ರ ನನಗೆ ಸಮಾಧಾನ ಹೇಳಿತು.

ಮೂರನೆಯ ದಿನ ಪ್ರಭಾವತಿ ಅಂಗಡಿಗೆ ಬಂದವಳು ತನ್ನ ಅಣ್ಣನಿಗೆ ಫೋನ್ ಮಾಡಿದಳು. ನನ್ನ ಹೆಂಡತಿ ತವರಿನ ಜೊತೆ ಮಾತಾಡುವುದೆಂದರೆ ಕುಕ್ಕರಿನ ಸೀಟಿಯಂತೆ, ಹೌದಾ! ಎಂದು ಶುರುವಾಗಿ ನಗುವಿನಲ್ಲಿ ಮುಗಿಯುತ್ತದೆ. ರುಖಿಯಮ್ಮ ಕಿವಿಗೊಟ್ಟು ಕೇಳಿದರು. ಆಮೇಲೆ ಯಂತ್ರದ ಕಡೆ ತಿರುಗಿ, "ಹೌದಾ! ನಾವೆಲ್ಲ ಮದುವೆಗೆ ಹೋಗ್ತೇವೆ ಮಾರಾಯಾ!" ಎಂದು ಥೇಟ್ ಪ್ರಭಾವತಿಯಂತೆ ಎಳೆದು, ಅವಳಂತೆಯೇ ನಕ್ಕರು. ಹಳದಿ ದೀಪ ಹತ್ತಿತು. "ನಿಮ್ಮ ಸಂತೋಷವೇ ನನ್ನ ಸಂತೋಷ," ಎಂದಿತು ಯಂತ್ರ. ಪ್ರಭಾವತಿ ಮೊದಲು ಮುಖ ಊದಿಸಿಕೊಂಡಳು, ಆಮೇಲೆ ತಾನೂ ನಕ್ಕಳು, ಆಮೇಲೆ ಒಳಗೆ ಹೋಗಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಮರುದಿನ ನಾನು ಗಾಜಿನ ಕೋಣೆಯಿಂದ ಕಾಗದದ ಕಟ್ಟುಗಳನ್ನು ತೆಗೆದು ಒರೆಸಿ ಕೊಟ್ಟೆ. ಮೊಬೈಲಿನಲ್ಲಿ ಮಾತಾಡಲು ಅವರು ಒಪ್ಪಲಿಲ್ಲ. ರೋಬೋವನ್ನು ಬಾಗಿಲ ಬಳಿ ಇಟ್ಟೆವು. ಅವರು ನಂಬರ್ ಒತ್ತಿಸಿಕೊಂಡು, ಸೆರಗು ಸರಿಮಾಡಿಕೊಂಡು ಮಾತಾಡಿದರು. ಮದುವೆ, ಉಳ್ಳಾಲ, ಹುಡುಗಿಯ ಕಡೆಯವರು, ಬಿರಿಯಾನಿ, ಎಲ್ಲ ಬಂತು. ನಡುನಡುವೆ ಪ್ರಭಾವತಿಯ ನಗು ನಕ್ಕರು. ಹಳದಿ ದೀಪ ಕೊನೆಯವರೆಗೂ ಆರಲಿಲ್ಲ. "ಒಳ್ಳೆದಾಯ್ತು ಉಮ್ಮ, ಹೋಗಿ ಬನ್ನಿ," ಎಂದು ಅಶ್ರಫ್ ಆಚೆಯಿಂದ ಹೇಳಿದ್ದು ನನಗೂ ಕೇಳಿತು. ಅವರು ಹೊರಗೆ ಬಂದಾಗ ಮುಖ ಪೂರ್ತಿ ಬೆವರು. "ಆಯ್ತಾ?" ಎಂದು ಶಮ್ನಾಳನ್ನು ಕೇಳಿದರು. ಆಯಿತು ಅಜ್ಜಿ ಎಂದಳು ಅವಳು. ನಾನು ಎಲ್ಲರಿಗೂ ಪುನರ್ಪುಳಿ ಶರಬತ್ತು ತರಿಸಿದೆ.

ಅವರೆಲ್ಲ ಮಂಗಳೂರಿಗೆ ಹೋಗಿ ಆಸ್ಪತ್ರೆ ಸೇರಿದರು. ಆಪರೇಷನ್ನಿನ ಹಿಂದಿನ ದಿನ ಬೆಳಿಗ್ಗೆ ನಾನು ಅಂಗಡಿ ತೆರೆಯುತ್ತಿದ್ದೆ. ಅಶ್ರಫ್ ಸಣ್ಣದೊಂದು ಚೀಲ ಹೆಗಲಿಗೆ ಹಾಕಿಕೊಂಡು ಬಂದು ನಿಂತ. ಬೊಂಬಾಯಿಯಲ್ಲಿ ಇಳಿದು ಬಸ್ಸು ಹಿಡಿದು ಬಂದಿದ್ದ. ಕಣ್ಣು ಕೆಂಪಾಗಿತ್ತು.

"ಸಂಪತಣ್ಣ, ಯಾವ ಆಸ್ಪತ್ರೆ?"

ನಾನು ಕೊಟ್ಟ ಮಾತಿಗೆ ಕಟ್ಟುಬಿದ್ದು, "ಅವರು ಉಳ್ಳಾಲದಲ್ಲಿ, ಮದುವೆಗೆ..." ಎಂದು ಶುರು ಮಾಡಿದೆ. ಅವನು ನನ್ನನ್ನೇ ನೋಡುತ್ತಾ ನಿಂತ.

"ಉಮ್ಮ ಪ್ರಭಕ್ಕನ ಹಾಗೆ ನಕ್ಕರು," ಎಂದ. "ಹುಟ್ಟಿದಲ್ಲಿಂದ ನಾನು ಉಮ್ಮನ ಸ್ವರ ಕೇಳ್ತಿದ್ದೇನೆ. ಹಾಗೆ ನಕ್ಕದ್ದು ಕೇಳಿಲ್ಲ. ನನಗೋಸ್ಕರ ಇನ್ನೊಬ್ಬರ ನಗುವನ್ನು ಸಾಲ ತಂದು ನಗ್ಬೇಕಾದ್ರೆ, ಆಸ್ಪತ್ರೆ ಅಲ್ಲದೆ ಇನ್ನೆಂತ ಸಂಪತಣ್ಣ?"

ನಗುವ ಹೆಂಗಸನ್ನೂ ಅಳುವ ಗಂಡಸನ್ನೂ ನಂಬಬಾರದು ಎಂಬ ಗಾದೆಯನ್ನು ನಾನು ಹೇಳಿದಾಗಲೆಲ್ಲ ಪ್ರಭಾವತಿ ಜಗಳಕ್ಕೆ ಬರುತ್ತಾಳೆ. ಅಂದು ನನ್ನ ಬಾಯಿಗೆ ಆ ಗಾದೆ ಬಂದರೂ, ಒಳಗಿನಿಂದ ಇದನ್ನೆಲ್ಲ ಕೇಳಿಸಿಕೊಂಡವಳು ಜಗಳಕ್ಕೆ ಬರಲಿಲ್ಲ. ಅವನಿಗೆ ಚಾ ತಂದುಕೊಟ್ಟು, ನೀವೂ ಹೋಗಿ ಎಂದು ನನ್ನನ್ನು ಜೊತೆಗೆ ಕಳಿಸಿದಳು.

ವಾರ್ಡಿನ ಬಾಗಿಲಲ್ಲಿ ಅವನನ್ನು ಕಂಡಾಗ ಮೈಮೂನಾ ಎದ್ದು ನಿಂತಳು. ರುಖಿಯಮ್ಮ ದಿಂಬಿಗೆ ಒರಗಿದ್ದರು. ಮಗನನ್ನು ನೋಡಿದರು.

"ಬಂದಿಯಾ. ಊಟ ಆಯ್ತಾ?" ಎಂದರು. ಅದೇ ಹಳೆಯ ಸ್ವರ.

"ಇಲ್ಲ ಉಮ್ಮ."

"ಕೆಲಸ?"

"ಹೇಳಿ ಬಂದಿದ್ದೇನೆ. ಈ ಸಲ ನಿಜವನ್ನೇ ಹೇಳಿದೆ, ತಾಯಿಗೆ ಹುಷಾರಿಲ್ಲ ಅಂತ. ಇಟ್ಕೊಂಡ್ರೆ ಇಟ್ಕೊಳ್ಳಲಿ. ಬಿಟ್ರೆ ಬಿಡ್ಲಿ."

ರುಖಿಯಮ್ಮ ಗೋಡೆಯ ಕಡೆ ತಿರುಗಿದರು. ಭುಜ ಅಲುಗುತ್ತಿತ್ತು, ಸ್ವರ ಇರಲಿಲ್ಲ. ಅಶ್ರಫ್ ಮಂಚದ ಅಂಚಿನಲ್ಲಿ ಕೂತು ಆ ಭುಜ ಹಿಡಿದುಕೊಂಡ. ನಾನೂ ಶಮ್ನಾಳೂ ಹೊರಗೆ ಬಂದೆವು. ಅವಳು ಕಿಟಕಿಯ ಬಳಿ ಹೋಗಿ ನಿಂತಳು.

"ನಾವು ಇಡೀ ವರ್ಷ ಕಲಿಸಿದ ಯಂತ್ರಕ್ಕೆ ಗೊತ್ತಾಗದ್ದು ಅಪ್ಪನಿಗೆ ಒಂದು ಫೋನಿನಲ್ಲಿ ಗೊತ್ತಾಯ್ತಲ್ಲ ಮಾಮ," ಎಂದಳು.

"ಅವನಿಗೆ ನಲವತ್ತು ವರ್ಷದ ಅಭ್ಯಾಸ ಉಂಟು ಮಾರಾಯ್ತಿ. ನಿನ್ನ ಡಬ್ಬಿ ಮೊನ್ನೆ ಹುಟ್ಟಿದ್ದು," ಎಂದೆ. ಅವಳನ್ನು ಸಮಾಧಾನ ಮಾಡಲು ಹೇಳಿದ್ದಲ್ಲ, ನನಗೆ ಹಾಗೆಯೇ ಅನಿಸಿತ್ತು. ಅವಳ ಪ್ರಾಜೆಕ್ಟ್ ಚೆನ್ನಾಗಿಯೇ ಪಾಸಾಯಿತು. ಬಿಳಿ ದೀಪಕ್ಕೆ ಶಾಂತ ಎಂಬ ಹೆಸರನ್ನು ಅವಳು ತೆಗೆದುಹಾಕಿದ್ದಳು. ಅದು ಹತ್ತಿದಾಗ ಯಂತ್ರ ಈಗ, "ನನಗೆ ಗೊತ್ತಾಗಲಿಲ್ಲ, ನೀವೇ ಹೇಳಿ," ಎನ್ನುತ್ತಿತ್ತು.

ಆಪರೇಷನ್ ಆದ ಮೇಲೆ ರುಖಿಯಮ್ಮ ಒಂದು ವರ್ಷದ ಮೇಲೆ ಸ್ವಲ್ಪ ಕಾಲ ಬದುಕಿದರು. ಅಶ್ರಫ್ ತಿರುಗಿ ಹೋಗಲಿಲ್ಲ. ನನ್ನ ಅಂಗಡಿಯ ಅರ್ಧ ಭಾಗದಲ್ಲಿ ಮೊಬೈಲ್ ರಿಪೇರಿಗೆ ಕೂತ. ಮಧ್ಯಾಹ್ನ ಗದ್ದೆ ದಾಟಿ ಮನೆಗೆ ಹೋಗಿ ತಾಯಿಯ ಜೊತೆ ಊಟ ಮಾಡಿ ಬರುತ್ತಿದ್ದ. ಸಂಜೆ ಅವರಿಬ್ಬರೂ ಜಗಲಿಯಲ್ಲಿ ಕೂತಿರುವುದು ನನ್ನ ಮೇಜಿನಿಂದಲೇ ಕಾಣುತ್ತಿತ್ತು. ಮಾತು ಹೆಚ್ಚಿರಲಿಲ್ಲ. ಕೊನೆಯ ತಿಂಗಳುಗಳಲ್ಲಿ ಅವರ ಸ್ವರ ತೀರ ಸಣ್ಣದಾಗಿತ್ತು, ಮಗ ಕಿವಿಯನ್ನು ಬಾಯಿಯ ಬಳಿ ತಂದು ಕೇಳುತ್ತಿದ್ದ.

ಒಂದು ಬೆಳಿಗ್ಗೆ ಅವನು ಹೊತ್ತಿಗೆ ಸರಿಯಾಗಿ ಅಂಗಡಿಗೆ ಬರಲಿಲ್ಲ. ಬಿಸಿಲು ಏರಿದ ಮೇಲೆ ಗದ್ದೆಯ ಬದುವಿನಲ್ಲಿ ನಿಧಾನವಾಗಿ ನಡೆದು ಬಂದ. ನಡಿಗೆ ನೋಡಿದಾಗಲೇ ನನಗೆ ಗೊತ್ತಾಯಿತು. ನಾನು ಹಳೆಯ ಅಭ್ಯಾಸದಂತೆ ಗಾಜಿನ ಕೋಣೆಯ ಬಾಗಿಲು ತೆರೆದು, ಫೋನಿನ ಧೂಳು ಒರೆಸಿ, "ಯಾರಿಗೆಲ್ಲ ಫೋನ್ ಮಾಡ್ಬೇಕು ಅಶ್ರಫ್?" ಎಂದು ಕೇಳಿದೆ. ಆ ಕೆಲಸ ನನ್ನಿಂದ ಆಗುವಂಥದ್ದಲ್ಲ ಎಂದು ನನಗೆ ಗೊತ್ತಿತ್ತು.

"ಯಾರಿಗೂ ಬೇಡ ಸಂಪತಣ್ಣ," ಎಂದ. "ನಾನು ಇಲ್ಲಿಯೇ ಇದ್ದೇನಲ್ಲ."

ಹಾಗೆಂದು ಹೇಳಿ ಬೆಂಚಿನ ಮೇಲೆ ಕುಳಿತು, ಪೇಟೆಗೆಲ್ಲ ಕೇಳುವಂತೆ ಅತ್ತ. ನಾನು ಮೇಜು ದಾಟಿ ಹೋಗಿ ಅವನನ್ನು ಹಿಡಿದುಕೊಂಡೆ.